ಗೋಡೆಗೆ ಅಂಗೈ ಒತ್ತಿ

ಮಾರ್ಚ್ 4

ಹೋದ ವಾರದ ಜ್ವರ ಬಿಟ್ಟಿತಲ್ಲ ಅಂತ ಸಮಾಧಾನ ಪಡುವಷ್ಟರಲ್ಲಿ ಇದು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಬಲ ಹೆಗಲಿಗೆ ಯಾರೋ ಹಿಂದಿನಿಂದ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗಾಯಿತು. ಬ್ರಷ್ ಜಾರಿ ಬೇಸಿನ್ನಿಗೆ ಬಿತ್ತು. ಕೂತರೂ ನೋವು, ನಿಂತರೂ ನೋವು, ಮಲಗಿದರಂತೂ ಜೀವ ಬಾಯಿಗೆ ಬರುತ್ತದೆ.

ಇವರು ನೋಡಿ, "ಏನು, ನಿನ್ನ ಲಿಫ್ಟ್ ಕೆಟ್ಟೋಯ್ತಾ? ಕಟ್ಟಡದ್ದಾಗಿದ್ರೆ ನಾನೇ ರಿಪೇರಿ ಮಾಡ್ತಿದ್ದೆ," ಅಂದರು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಗಂಡನಿಗೆ ಜೋಕೂ ಲಿಫ್ಟಿನೊಳಗಿಂದಲೇ ಹುಟ್ಟಬೇಕು. ನಗು ಬರಲಿಲ್ಲ. ನಾದಿನಿ ಮುಲಾಮು ತಿಕ್ಕಿ ಪಾರ್ಲರಿಗೆ ಹೋದಳು. ಎರಡೇ ಕುರ್ಚಿಯ ಪಾರ್ಲರು, ಒಂದು ಅವಳದು, ಒಂದು ನನ್ನದು. "ನೀವಿಲ್ದಿದ್ರೆ ಒಂದಿನಕ್ಕೆ ಮುಳುಗಿಹೋಗಲ್ಲ ಅತ್ತಿಗೆ," ಅಂದಳು. ಮುಳುಗುತ್ತದೆ. ನನಗೆ ಗೊತ್ತು.

ಮಾರ್ಚ್ 7

ನೋವು. ಮಾತ್ರೆ. ಮತ್ತೆ ನೋವು. ಮಗಳು ಬಂದು ಹಣೆ ಮುಟ್ಟಿದಳು. ಬೈದು ಕಳಿಸಿದೆ.

ಮಾರ್ಚ್ 19

ನೋವು ಹೋಯಿತು. ಹೇಗೆ ಬಂತೋ ಹಾಗೇ ಹೋಯಿತು. ಖುಷಿಯಲ್ಲಿ ಪಾರ್ಲರಿಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆದೆ. ಮೊದಲ ಗಿರಾಕಿ ಬ್ಯಾಂಕ್ ಮೇಡಂ. ಸೊಂಟದವರೆಗೆ ಇಳಿದ ದಟ್ಟ ಕೂದಲು ಅವರದು. ತೊಳೆದು ಡ್ರೈಯರ್ ಹಿಡಿದೆ.

ಕೈ ಹೆಗಲಿನ ಮಟ್ಟಕ್ಕೆ ಹೋಯಿತು, ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ನೋವೇನೂ ಇಲ್ಲ. ಹೋಗಲಿಲ್ಲ, ಅಷ್ಟೇ. ಇನ್ನೂ ಎತ್ತಲು ನೋಡಿದೆ. ಡ್ರೈಯರ್ ತಾನಾಗಿ ಕೆಳಗಿಳಿದು ಅವರ ಕಿವಿಗೆ ತಗುಲಿತು. "ಅಯ್ಯೋ!" ಅಂತ ಕೂಗಿದರು. ಕ್ಷಮೆ ಕೇಳಿದೆ, ಕೈ ಜೋಮು ಹಿಡಿದಿದೆ ಅಂತ ಏನೋ ಹೇಳಿದೆ. ಆಗಲೇ ಎದುರಿನ ಕನ್ನಡಿಯಲ್ಲಿ, ಹಿಂದಿನ ಗೋಡೆಯ ಕನ್ನಡಿಯ ಬಿಂಬದೊಳಗೆ, ನನ್ನ ಬೆನ್ನು ಕಂಡಿತು. ಅಂಗಿಯ ಕೆಳಗೆ ಬಲಗಡೆಯ ಹೆಗಲೆಲುಬು ಡಬ್ಬಿಯ ಮುಚ್ಚಳ ಅರ್ಧ ತೆಗೆದ ಹಾಗೆ ಹೊರಗೆ ಎದ್ದು ನಿಂತಿತ್ತು. ಒಳಗಿನಿಂದ ಇನ್ಯಾರೋ ಮೊಣಕೈಯಿಂದ ತಿವಿಯುತ್ತಿದ್ದಾರೆ ಅನ್ನಿಸುವ ಹಾಗೆ. ಕೈ ಇಳಿಸಿದೆ. ಅದೂ ಒಳಗೆ ಹೋಯಿತು. ಮತ್ತೆ ಎತ್ತಿದೆ. ಮತ್ತೆ ಎದ್ದಿತು.

ನಾದಿನಿ ನೋಡಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಿಂತೆ.

ಅಮ್ಮನ ಕೈ.

ಮಾರ್ಚ್ 20

ಬರೆಯುವುದಕ್ಕೆ ಕೈ ಮೇಲೆತ್ತಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ ಅಂತ ಕಾಣುತ್ತದೆ.

ಅಮ್ಮನ ಬಲಗೈ ಮೇಲೇಳುತ್ತಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಹಾಗೇ. ಬಲ ಹೆಗಲು ಜೋತುಬಿದ್ದು, ಹಾಕಿದ ಅಂಗಿ ಯಾವಾಗಲೂ ಒಂದು ಕಡೆ ಜಾರುತ್ತಿತ್ತು. ಸ್ಟೂಲಿನ ಮೇಲೆ ನಿಂತು ಅವಳ ತಲೆ ಬಾಚುವುದು ನನ್ನ ಕೆಲಸ. ನಾನು ಕಲಿತ ಮೊದಲ ಜಡೆ ಅವಳದೇ. "ಏನಾಗಿದೆಯಮ್ಮ ಕೈಗೆ?" ಅಂದರೆ "ಬಿದ್ದುಹೋಯ್ತು," ಅನ್ನುತ್ತಿದ್ದಳು, ಕೈ ಅನ್ನುವುದು ಎಲ್ಲೋ ಬೀದಿಯಲ್ಲಿ ಕಳೆದುಹೋಗುವ ವಸ್ತು ಅನ್ನುವ ಹಾಗೆ. ಅಜ್ಜಿಗೂ ಕೊನೆಗಾಲದಲ್ಲಿ ಬಲಗೈ ಸತ್ತ ಹಾಗೆ ಹಾಸಿಗೆಯ ಮೇಲೆ ಬಿದ್ದಿರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಎದೆಯ ಕಾಯಿಲೆಯಿಂದ ಹೋದಳು. ಕೈಯಿಂದ ಶುರುವಾದದ್ದು ಎದೆಗೆ ಹರಡಿತು ಅಂತಲೇ ನಾನು ಅಂದುಕೊಂಡಿದ್ದೆ. ಅಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ. ಈಗ ಕೇಳೋಣವೆಂದರೆ ಅಪ್ಪನೂ ಇಲ್ಲ.

ಅಜ್ಜಿ, ಅಮ್ಮ, ಈಗ ನಾನು. ಮುಂದಿನ ಹೆಸರು ಬರೆಯಲಾರೆ.

ಮಾರ್ಚ್ 26

ಉದ್ದ ಕೂದಲಿನವರನ್ನೆಲ್ಲ ನಾದಿನಿಯ ಕುರ್ಚಿಗೆ ಸಾಗಹಾಕುತ್ತಿದ್ದೇನೆ. ತೋಳಿನ ಕೆಳಗೆ ಸಡಿಲವಿರುವ ಹಳೇ ಕೋಟು ಹಾಕಿಕೊಳ್ಳುತ್ತೇನೆ. ಸೆಖೆಯಲ್ಲಿ ಕೋಟೇಕೆ ಅಂತ ಮೂರು ಜನ ಕೇಳಿದರು. ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ.

"ಅತ್ತಿಗೆ, ನಿಮ್ಮ ಬೆನ್ನಿಗೆ ಏನೋ ಆಗಿದೆ. ಒಂದ್ಸಲ ತೋರಿಸಿ."

"ನಿನ್ನ ಕತ್ತರಿ ನೋಡ್ಕೋ. ನನ್ನ ಬೆನ್ನು ನಾನು ನೋಡ್ಕೋತೀನಿ."

"ತನ್ನ ಬೆನ್ನು ತಾನೇ ನೋಡ್ಕೊಂಡೋರು ಯಾರಿದಾರೆ?" ಅಂದಳು. ಗಿರಾಕಿ ನಕ್ಕರು. ನಾನು ಟವೆಲ್ ಒಗೆಯುವ ನೆಪದಲ್ಲಿ ಒಳಗೆ ಹೋದೆ.

ಏಪ್ರಿಲ್ 2

ಮಗಳನ್ನು ಕರೆತರಲು ಈಜುಕೊಳಕ್ಕೆ ಹೋಗಿದ್ದೆ. ಶಾಲೆಯ ತಂಡದಲ್ಲಿದ್ದಾಳೆ. ನನಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಿದ್ದಳು. ಕಡ್ಡಿಯಂಥ ಮೈ. ನೀರು ತೊಟ್ಟಿಕ್ಕುವ ಆ ಬೆನ್ನಿನಲ್ಲಿ ಎರಡೂ ಹೆಗಲೆಲುಬು ಎದ್ದು ನಿಂತಿದ್ದವು. ಎರಡೂ.

ಕಂಬಿ ಹಿಡಿದುಕೊಂಡೆ.

ಮನೆಗೆ ಬಂದ ಮೇಲೆ ಅವಳನ್ನು ಗೋಡೆಯ ಮುಂದೆ ನಿಲ್ಲಿಸಿದೆ. "ಎರಡೂ ಕೈ ಗೋಡೆಗೆ ಒತ್ತು."

"ಯಾಕಮ್ಮ?"

"ಒತ್ತು ಅಂದೆ."

ಒತ್ತಿದಳು. ನೋಡಿದೆ. ಎದ್ದಿವೆಯೋ, ಇಲ್ಲವೋ? ಎದ್ದಿವೆ ಅನ್ನಿಸಿತು. ಇಲ್ಲ ಅನ್ನಿಸಿತು. ಕೈ ಮೇಲೆತ್ತು ಅಂದೆ, ಇಳಿಸು ಅಂದೆ, ಇನ್ನೊಮ್ಮೆ ಅಂದೆ. ಕೊನೆಗೆ ತಿರುಗಿ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಮತ್ತೇನೂ ಕೇಳದೆ ರೂಮಿಗೆ ಹೋದಳು.

ಏಪ್ರಿಲ್ 6

ಇವತ್ತೂ ನೋಡಿದೆ. ನಿದ್ದೆಯಲ್ಲಿದ್ದಾಗ ಅಂಗಿಯ ಮೇಲಿಂದ ಬೆರಳಾಡಿಸಿದೆ. ಎಡಕ್ಕಿಂತ ಬಲ ಹೆಚ್ಚು ಎದ್ದಿದೆ. ಅಥವಾ ನನ್ನ ಬೆರಳೇ ನಡುಗುತ್ತಿತ್ತೋ ಏನೋ.

ಏಪ್ರಿಲ್ 11

ಈಜು ಕಲಿಸುವ ಮೇಷ್ಟ್ರು ಫೋನ್ ಮಾಡಿದ್ದರು. ಮಗಳು ವಾರದಿಂದ ನೀರಿಗೆ ಇಳಿದಿಲ್ಲವಂತೆ. ದಿನಾ ಹೋಗುತ್ತಾಳೆ, ಬಟ್ಟೆಯನ್ನೂ ಬದಲಾಯಿಸದೆ ಮೂಲೆಯ ಬೆಂಚಿನ ಮೇಲೆ ಕೂತು ಬರುತ್ತಾಳಂತೆ.

ಇವರು ಪಕ್ಕದಲ್ಲೇ ಇದ್ದರು. ಇವರೇ ಕೇಳಿದರು, "ಏನಾಯ್ತು ಮಗಾ?"

ಅವಳು ನನ್ನನ್ನೇ ನೋಡುತ್ತಾ, "ಅಮ್ಮಂಗೆ ಬಂದಿರೋದು ನನಗೂ ಬಂದಿದೆ," ಅಂದಳು.

"ಅಮ್ಮಂಗೆ ಏನು ಬಂದಿದೆ?"

"ಬೆನ್ನಲ್ಲಿ ಮೂಳೆ ಎದ್ದಿದೆ. ನಾನು ಬಾಗಿಲ ಸಂದಿಯಿಂದ ನೋಡಿದೀನಿ. ಅಮ್ಮ ದಿನಾ ನನ್ನ ಬೆನ್ನೂ ನೋಡ್ತಾಳೆ. ನಾನು ನಿದ್ದೆ ಮಾಡ್ತಿದೀನಿ ಅಂದ್ಕೋತಾಳೆ."

ಎಷ್ಟು ದಿನ ಆ ಮಗು ಕಣ್ಣು ಮುಚ್ಚಿಕೊಂಡು ನನ್ನ ಬೆರಳುಗಳನ್ನು ಸಹಿಸಿಕೊಂಡು ಮಲಗಿತ್ತೋ.

ಇವರು ನನ್ನ ಕೋಟು ತೆಗೆಸಿದರು. ಕೈ ಎತ್ತು ಅಂದರು. ಹಿಂದೆ ನಿಂತು ನೋಡಿದರು. ನಾನು ಜೋಕಿಗೆ ಕಾದೆ. ಜೋಕು ಬರಲಿಲ್ಲ. "ನಾಳೆನೇ ಡಾಕ್ಟರ ಹತ್ರ ಹೋಗೋಣ," ಅಂದರು ಅಷ್ಟೇ. ಆಗ ನಿಜವಾಗಿ ಹೆದರಿಕೆಯಾಯಿತು.

ಏಪ್ರಿಲ್ 15

ಮೊದಲು ನೋಡಿದ ಡಾಕ್ಟರು ನರದ ಡಾಕ್ಟರ ಹತ್ತಿರ ಕಳಿಸಿದರು. ಗಿಡ್ಡನೆಯ ಹೆಂಗಸು, ಮಾತು ಕಡಿಮೆ. ನನ್ನನ್ನು ಗೋಡೆ ತಳ್ಳಲು ಹೇಳಿದರು. ನಾನು ಮಗಳಿಗೆ ಹೇಳಿದ ಹಾಗೇ. ತಳ್ಳಿದೆ. ಹಿಂದಿನಿಂದ "ಹ್ಞೂಂ" ಅಂದರು. ಆ ಒಂದು ಹ್ಞೂಂನಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು.

ಆಮೇಲೆ ಕೂರಿಸಿ ಹೇಳಿದರು. ಹೆಗಲೆಲುಬು ಬೆನ್ನಿಗೆ ಅಂಟಿಕೊಂಡಿರುವ ಮೂಳೆ ಅಲ್ಲವಂತೆ, ಪಕ್ಕೆಲುಬುಗಳ ಮೇಲೆ ಜಾರುತ್ತಾ ಇರುವ ಹಲಗೆಯಂತೆ. ಅದನ್ನು ಎದೆಗೂಡಿಗೆ ಒತ್ತಿ ಹಿಡಿಯಲು ಒಂದು ಸ್ನಾಯು ಇದೆ. ಕಂಕುಳ ಕೆಳಗೆ ಪಕ್ಕೆಲುಬುಗಳ ಮೇಲೆ ಗರಗಸದ ಹಲ್ಲಿನ ಹಾಗೆ ಹುಟ್ಟಿ, ಹೆಗಲೆಲುಬಿನ ಅಡಿಯಿಂದ ಹಿಂದಕ್ಕೆ ಹೋಗಿ ಅದರ ಒಳ ಅಂಚನ್ನು ಹಿಡಿದುಕೊಂಡಿರುತ್ತದೆ. ಹೆಸರು ಸೆರೇಟಸ್. ನಾವು ಕೈ ಮೇಲೆತ್ತುವಾಗ ಹಲಗೆಯನ್ನು ಮುಂದಕ್ಕೆಳೆದು ತಿರುಗಿಸಿ ಕೊಡುವುದು ಅದೇ. ಅದು ಸೋತರೆ ಹಲಗೆ ಏಳುತ್ತದೆ, ಕೈ ಅರ್ಧಕ್ಕೇ ನಿಲ್ಲುತ್ತದೆ.

"ಜ್ವರ, ಆಮೇಲೆ ಭಯಂಕರ ನೋವು, ಆಮೇಲೆ ಸೋಲು. ಇದು ಆ ಸ್ನಾಯುವಿಗೆ ಹೋಗೋ ನರ ಊದಿಕೊಂಡು ಆಗಿರೋ ಹಾಗೆ ಕಾಣ್ತಿದೆ," ಅಂದರು.

ನಾನು ಅಮ್ಮನ ವಿಷಯ ಹೇಳಿದೆ. ಅವರ ಪೆನ್ನು ನಿಂತಿತು.

"ಅವರಿಗೆ ಎರಡೂ ಕಡೆನಾ? ಕಣ್ಣು ಪೂರ್ತಿ ಮುಚ್ಚೋಕೆ ಆಗ್ತಿತ್ತಾ? ಶಿಳ್ಳೆ ಹಾಕ್ತಿದ್ರಾ?"

ನನಗೆ ಗೊತ್ತಿಲ್ಲ. ಅಮ್ಮ ಶಿಳ್ಳೆ ಹಾಕುವ ಹೆಂಗಸಲ್ಲ.

"ಮನೆತನದಲ್ಲಿ ಬರೋ ಸ್ನಾಯು ಕಾಯಿಲೆಗಳಲ್ಲೂ ಹೆಗಲೆಲುಬು ಹೀಗೆ ಏಳಬಹುದು, ಮುಖದ ಸ್ನಾಯುನೂ ಸೋಲಬಹುದು. ನಿಮ್ಮದು ಹಾಗೆ ಕಾಣಲ್ಲ. ಆದ್ರೆ ನಿಮ್ಮ ತಾಯಿಗೆ ಏನಾಗಿತ್ತು ಅಂತ ತಿಳ್ಕೊಂಡು ಬನ್ನಿ. ಸೂಜಿ ಹಾಕಿ ಒಂದು ಟೆಸ್ಟ್ ಮಾಡೋಣ. ಮಗಳನ್ನೂ ಕರ್ಕೊಂಡು ಬನ್ನಿ."

ಮಗಳನ್ನೂ.

ಏಪ್ರಿಲ್ 16

ಕನ್ನಡಿಯ ಮುಂದೆ ನಿಂತು ಶಿಳ್ಳೆ ಹಾಕಿದೆ. ಬಂತು. ಮಗಳನ್ನು ಹಾಕು ಅಂದೆ. ಬರೀ ಗಾಳಿ. ಇನ್ನೊಮ್ಮೆ ಅಂದೆ. ಇವರು ರೂಮಿನಿಂದ, "ಅವಳಿಗೆ ಹುಟ್ಟಿದಾಗಿಂದ ಬರಲ್ಲ, ನನಗೂ ಬರಲ್ಲ, ನಮ್ಮಪ್ಪಂಗೂ ಬರ್ತಿರಲಿಲ್ಲ!" ಅಂತ ಕೂಗಿದರು. ಮಗಳು ನಕ್ಕಳು. ಎಷ್ಟು ದಿನದ ಮೇಲೆ.

ನಾನು ನಗಲಿಲ್ಲ. ಅಮ್ಮ ಮಲಗಿದಾಗ ಕಣ್ಣು ಪೂರ್ತಿ ಮುಚ್ಚುತ್ತಿತ್ತೇ? ಎಷ್ಟು ನೆನೆಸಿಕೊಂಡರೂ ಅವಳ ಕೂದಲು ನೆನಪಾಗುತ್ತದೆ, ಮುಖ ನೆನಪಾಗುವುದಿಲ್ಲ. ನಾನು ಯಾವಾಗಲೂ ಅವಳ ಹಿಂದೆಯೇ ನಿಂತಿರುತ್ತಿದ್ದೆನಲ್ಲ.

ಏಪ್ರಿಲ್ 21

ಚಿಕ್ಕಮ್ಮನ ಮನೆಗೆ ಹೋಗಿ ಬಂದೆ. ಅಮ್ಮನ ತಂಗಿ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇವರೂ ರಜೆ ಹಾಕಿ ಬಂದರು. ಬೇಡ ಅಂದಿದ್ದೆ, ಕೇಳಲಿಲ್ಲ.

ಚಿಕ್ಕಮ್ಮ ಬಟಾಣಿ ಬಿಡಿಸುತ್ತಿದ್ದಳು. ನಾನು ಕೋಟು ತೆಗೆದು, ಅವಳಿಗೆ ಬೆನ್ನು ಮಾಡಿ, ಕೈ ಎತ್ತಿದೆ. "ಚಿಕ್ಕಮ್ಮ, ಅಮ್ಮಂದೂ ಹೀಗೇ ಇತ್ತಾ?"

ಎದ್ದು ಬಂದು ಹೆಗಲೆಲುಬನ್ನು ಮುಟ್ಟಿ ನೋಡಿದಳು. ಆಮೇಲೆ, "ಇಲ್ಲ ಕಣೇ. ಹೀಗೆ ಎದ್ದಿರಲಿಲ್ಲ. ಅವಳದು ಜೋತುಬಿದ್ದಿತ್ತು," ಅಂದಳು. "ಅವಳ ಕತ್ತಿನ ಬಲಗಡೆ ಒಂದು ಕಲೆ ಇತ್ತಲ್ಲ, ನೆನಪಿದೆಯಾ?"

"ಬಿಸಿನೀರು ಬಿದ್ದು ಸುಟ್ಟಿದ್ದು."

"ಸುಟ್ಟದ್ದೂ ಅಲ್ಲ, ಏನೂ ಅಲ್ಲ. ಅಲ್ಲಿ ಗಂಟಾಗಿತ್ತು. ಕ್ಷಯದ ಗಂಟು. ನೀನು ಇನ್ನೂ ಅಂಬೆಗಾಲಿಡ್ತಿದ್ದೆ. ಕುಯ್ದು ತೆಗೆದ್ರು. ಕಟ್ಟು ಬಿಚ್ಚಿದ ಮೇಲೆ ನೋಡಿದ್ರೆ ಕೈ ಮೇಲಕ್ಕೆ ಏಳ್ತಾನೇ ಇಲ್ಲ. ಅದಕ್ಕೆ ಮುಂಚೆ ಚೆನ್ನಾಗಿತ್ತು ಕಣೇ. ನೀರಿನ ಬಿಂದಿಗೆ ತಲೆ ಮೇಲೆ ಹೊತ್ಕೊಂಡು ಬರ್ತಿದ್ಲು."

"ಮತ್ತೆ ಅಜ್ಜಿ?"

"ಅಜ್ಜಿಗೆ ಲಕ್ವ ಹೊಡೀತು. ಎಪ್ಪತ್ತು ದಾಟಿದ ಮೇಲೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನನಗ್ಯಾಕೆ ಯಾರೂ ಹೇಳಲಿಲ್ಲ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಚಿಕ್ಕಮ್ಮ ಬಟಾಣಿ ಸಿಪ್ಪೆಯನ್ನು ಚೂರುಚೂರು ಮಾಡುತ್ತಾ ಹೇಳಿದಳು, "ಕ್ಷಯ ಅಂದ್ರೆ ಆಗ ಜನ ನಾವು ಕುಡಿದ ಲೋಟ ಮುಟ್ತಿರಲಿಲ್ಲ. ನನಗಿನ್ನೂ ಮದುವೆ ಆಗಿರಲಿಲ್ಲ. ಗಂಟಿನ ವಿಷಯ ಬಾಯಿ ಬಿಡಬಾರದು ಅಂತ ನಮ್ಮಪ್ಪ ಆಣೆ ಹಾಕಿಸಿದ್ರು. ಕಡೆಗೆ ಅದೇ ಎದೆಗೂ ಬಂದು ಅವಳನ್ನ ತಗೊಂಡು ಹೋಯ್ತು. ಆಮೇಲೆ ಹೇಳೋಕೆ ಯಾರಿಗೆ ಬಾಯಿ ಬರತ್ತೆ? ನೀನು ಇಷ್ಟು ವರ್ಷ ಹೀಗೆ ಅಂದ್ಕೊಂಡಿದ್ದೆ ಅಂತ ನನಗೇನು ಗೊತ್ತು ಮಗಾ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇವರ ಹೆಗಲಿಗೆ ಒರಗಿ ಕೂತಿದ್ದೆ. ನಂಬಬೇಕೆನಿಸುತ್ತದೆ. ನಂಬಿದ ಮೇಲೆ ಸುಳ್ಳಾದರೆ?

ಏಪ್ರಿಲ್ 24

ಸೂಜಿಯ ಟೆಸ್ಟ್. ಪಕ್ಕೆಲುಬಿನ ಮೇಲೆ ಸೂಜಿ ಚುಚ್ಚಿದರು, ಹೆಗಲಿನಲ್ಲಿ, ತೋಳಿನಲ್ಲಿ, ಎಡಗಡೆ ಕೂಡ. ಮಷಿನ್ನು ಮಳೆ ಬಿದ್ದ ತಗಡಿನ ಹಾಗೆ ಚಟಚಟ ಅನ್ನುತ್ತಿತ್ತು. ನಾನು ಕಣ್ಣು ಮುಚ್ಚಿ ಡಾಕ್ಟರ ಉಸಿರನ್ನೇ ಕೇಳುತ್ತಿದ್ದೆ.

ಒಂದೇ ನರ. ಕತ್ತಿನಿಂದ ಹೊರಟು ಎದೆಗೂಡಿನ ಪಕ್ಕದಲ್ಲಿ ಉದ್ದಕ್ಕೆ ಇಳಿಯುವ, ಸೆರೇಟಸ್‌ಗೆ ಹೋಗುವ ಆ ಒಂದೇ ನರ. ಉಳಿದದ್ದೆಲ್ಲ ಸರಿಯಿದೆ.

ಚಿಕ್ಕಮ್ಮ ಹೇಳಿದ್ದನ್ನು ಹೇಳಿದೆ. ಡಾಕ್ಟರ್ ತಮ್ಮ ಕತ್ತಿನ ಪಕ್ಕಕ್ಕೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಚರ್ಮದ ಕೆಳಗೇ ಒಂದು ನರ ಹಾದುಹೋಗತ್ತೆ. ತಲೆಯ ಹಿಂಭಾಗದಿಂದ ಹೆಗಲವರೆಗೆ ಹರಡಿರೋ ಸ್ನಾಯುವಿಗೆ. ಗಂಟು ತೆಗೆಯೋವಾಗ ಅದು ತುಂಡಾಗಿರತ್ತೆ. ಅದು ಹೆಗಲನ್ನ ಮೇಲಿಂದ ತೂಗಿ ಹಿಡಿಯೋ ಸ್ನಾಯು, ನಿಮ್ಮದು ಕೆಳಗಿಂದ ಒತ್ತಿ ಹಿಡಿಯೋದು. ಬೇರೆ ನರ, ಬೇರೆ ಸ್ನಾಯು, ಬೇರೆ ಕಾರಣ. ನಿಮ್ಮಮ್ಮನಿಂದ ನಿಮಗೆ ಬಂದದ್ದಲ್ಲ ಇದು."

ಆಮೇಲೆ ಮಗಳನ್ನು ಗೋಡೆಯ ಮುಂದೆ ನಿಲ್ಲಿಸಿದರು. ನಾನು ಬೇರೆ ಕಡೆ ತಿರುಗಿದೆ. ನೋಡಲಾಗಲಿಲ್ಲ.

"ಎರಡೂ ಸರಿಯಾಗಿ ಕೂತಿವೆ. ಸಣಕಲು ಮಕ್ಕಳ ಬೆನ್ನು ಸುಮ್ಮನೆ ಕೂತಾಗ ಹೀಗೇ ಇರತ್ತೆ. ಹೋಗಿ ಈಜು."

ಮಗಳು ಅತ್ತಳು. ನನಗೆ ಅಳು ಬರಲಿಲ್ಲ. "ನನ್ನ ಕೈ ಸರಿಹೋಗತ್ತಾ?" ಅಂತ ಕೇಳಿದೆ. ಬಹಳ ಜನರಿಗೆ ಹೋಗುತ್ತದಂತೆ. ನರ ನಿಧಾನವಾಗಿ ಮತ್ತೆ ಬೆಳೆಯಬೇಕು, ಒಂದು ವರ್ಷ, ಎರಡು ವರ್ಷ. ಕೆಲವರಿಗೆ ಪೂರ್ತಿ ಬರುವುದಿಲ್ಲ. ಮಾತು ಕೊಡಲಾರೆ ಅಂದರು.

ಮಗಳ ಭಯ ಇಳಿದ ಜಾಗದಲ್ಲಿ ಇದು ಬಂದು ಕೂತಿತು. ಕೈ ಎತ್ತಲಾಗದವಳು ಇನ್ನೊಬ್ಬರ ತಲೆ ಮುಟ್ಟುವುದು ಹೇಗೆ? ನನಗೆ ಬರುವುದು ಇದೊಂದೇ ಕೆಲಸ.

ಮೇ 6

ವ್ಯಾಯಾಮ ಕಲಿಯಲು ಡಾಕ್ಟರು ಫಿಸಿಯೋ ಹತ್ತಿರ ಕಳಿಸಿದ್ದಾರೆ. ಎತ್ತರದ ಗಂಡಸು, ಅಂಗೈ ತಟ್ಟೆಯಷ್ಟಗಲ. ಹಿಂದೆ ನಿಂತು ಆ ಅಂಗೈಯನ್ನು ನನ್ನ ಹೆಗಲೆಲುಬಿನ ಮೇಲೆ ಚಪ್ಪಟೆಯಾಗಿಟ್ಟು, ಪಕ್ಕೆಲುಬಿಗೆ ಒತ್ತಿ, ಸ್ವಲ್ಪ ಮುಂದಕ್ಕೆ ತಿರುಗಿಸಿ ಹಿಡಿದರು. "ಈಗ ಎತ್ತಿ."

ಎತ್ತಿದೆ. ಕೈ ಹೋಯಿತು. ಹೆಗಲು ದಾಟಿ, ಕಿವಿ ದಾಟಿ, ತಲೆಯ ಮೇಲೆ ನೆಟ್ಟಗೆ. ನನ್ನದೇ ಬೆರಳುಗಳು ಅಲ್ಲಿ ಮೇಲೆ, ಫ್ಯಾನಿನ ಕೆಳಗೆ.

"ಕೈ ಕೆಟ್ಟಿಲ್ಲ ನೋಡಿ. ಅದು ನಿಲ್ಲೋ ನೆಲ ಅಲ್ಲಾಡ್ತಿದೆ, ಅಷ್ಟೇ."

ಅಲ್ಲೇ ಅತ್ತುಬಿಟ್ಟೆ. ಪಕ್ಕದ ಮಂಚದಲ್ಲಿದ್ದ ಮಂಡಿ ನೋವಿನ ಮುದುಕರು ಟಿಶ್ಯೂ ಕೊಟ್ಟರು. ಅಂಗೈ ತೆಗೆದ ಕೂಡಲೇ ಕೈ ಬಿತ್ತು.

ಜೂನ್ 18

ಪಾರ್ಲರಿನಲ್ಲಿ ನನ್ನ ಕುರ್ಚಿ ತೆಗೆಸಿ ಗಿಡ್ಡ ಸ್ಟೂಲು ಹಾಕಿಸಿದ್ದೇನೆ. ಮೇಲಿನಿಂದ ಕತ್ತರಿ ಆಡಿಸಿದರೆ ಕೈ ಎತ್ತಬೇಕಾಗಿಲ್ಲ. ನೆತ್ತಿಯ ಕೆಲಸಕ್ಕೆ ನಾದಿನಿ ಬಂದು ಹಿಂದೆ ನಿಂತು ಹೆಗಲೆಲುಬನ್ನು ಒತ್ತಿ ಹಿಡಿಯುತ್ತಾಳೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಒಂದು ತಲೆಗೆ ಇಬ್ಬರು! ಮದುಮಗಳಿಗೂ ಇಂಥ ಮರ್ಯಾದೆ ಇರಲ್ಲ ಮೇಡಂ." ಬ್ಯಾಂಕ್ ಮೇಡಂ ಕಿವಿಯ ವಿಷಯ ಮರೆತಿಲ್ಲ. ಆದರೂ ನನ್ನ ಸ್ಟೂಲಿಗೇ ಬರುತ್ತಾರೆ. ನಾದಿನಿ ಬಾಬ್ ಕಟ್ ನನಗಿಂತ ಚೆನ್ನಾಗಿ ಮಾಡುತ್ತಾಳೆ, ಇಷ್ಟು ದಿನ ನೋಡಿರಲಿಲ್ಲ. ಸೆಖೆ ಜೋರು, ತೆಳು ಅಂಗಿ ಹಾಕಿಕೊಂಡು ಹೋಗಿದ್ದೆ.

ಆಗಸ್ಟ್ 9

ಏನೂ ಇಲ್ಲ. ದಿನಾ ಮಲಗಿ ಛಾವಣಿಯತ್ತ ಮುಷ್ಟಿ ತಳ್ಳುತ್ತೇನೆ. ಫಿಸಿಯೋ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಸ್ನಾಯು ಆಡುವುದನ್ನೇ ಕಾಯುತ್ತಾರೆ, ಏನೂ ಇಲ್ಲ. ಮುಂದಿನ ತಿಂಗಳು ನೋಡೋಣ ಅನ್ನುತ್ತಾರೆ. ಅವರ ದನಿ ಮೊದಲಿನ ಹಾಗಿಲ್ಲ. ಕೆಲವರಿಗೆ ಪೂರ್ತಿ ಬರುವುದಿಲ್ಲ ಅಂತ ಡಾಕ್ಟರು ಅಂದಿದ್ದರಲ್ಲ, ಆ ಕೆಲವರು ಯಾರು? ಅವರೂ ಯಾರದೋ ಅಮ್ಮ, ಯಾರದೋ ಅತ್ತಿಗೆ ಇರಬೇಕು.

ಸೆಪ್ಟೆಂಬರ್ 27

ಮಗಳ ಸ್ಪರ್ಧೆ. ನಾಲ್ಕನೆಯವಳಾಗಿ ಬಂದಳು. ಬಟರ್‌ಫ್ಲೈ ಈಜಿನಲ್ಲಿ ಎರಡೂ ಕೈ ಒಟ್ಟಿಗೆ ನೀರಿನಿಂದ ಎದ್ದಾಗ ಹೆಗಲೆಲುಬುಗಳು ಜಾರಿ, ತಿರುಗಿ, ಮತ್ತೆ ಸರಿದು ಸೇರಿಕೊಳ್ಳುತ್ತವೆ. ಎಂಥ ಚೆಂದ. ಕಿರುಚಿ ಕಿರುಚಿ ಗಂಟಲು ಕಟ್ಟಿದೆ.

ನವೆಂಬರ್ 14

ಊಟ ಆದ ಮೇಲೆ ಚಾಪೆ ಹಾಸಿ ವ್ಯಾಯಾಮ ಮಾಡುತ್ತಿದ್ದೆ. ಫಿಸಿಯೋ ಕಲಿಸಿಕೊಟ್ಟ ಹಾಗೆ ಮಗಳು ಕಂಕುಳ ಕೆಳಗೆ, ಪಕ್ಕೆಲುಬಿನ ಮೇಲೆ ಎರಡು ಬೆರಳಿಟ್ಟು ಕೂತಿದ್ದಳು. ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತಿದ್ದಳು. ಮಧ್ಯದಲ್ಲಿ ನಿಲ್ಲಿಸಿದಳು.

"ಅಮ್ಮ, ಇನ್ನೊಂದ್ಸಲ ತಳ್ಳು."

ತಳ್ಳಿದೆ.

"ಇಲ್ಲಿ ಏನೋ ಆಡ್ತು."

"ನಿನ್ನ ಬೆರಳೇ ಇರಬೇಕು."

"ಇಲ್ಲಮ್ಮ. ತಳ್ಳು. ಹಾಂ! ನೋಡು, ಹುಳ ಹರಿದ ಹಾಗೆ."

ನನಗೇನೂ ಗೊತ್ತಾಗಲಿಲ್ಲ. ಯಾರಿಗೂ ಹೇಳಬೇಡ, ಸುಳ್ಳಾದರೆ ಏನು ಗತಿ, ಅನ್ನುವಷ್ಟರಲ್ಲಿ ಅವಳು "ಅಪ್ಪಾ! ಅತ್ತೇ!" ಅಂತ ಕೂಗುತ್ತಾ ಓಡಿಹೋಗಿದ್ದಳು. ನಾದಿನಿ ಸೋಪಿನ ಕೈಯಲ್ಲೇ ಬಂದಳು. ಬಂದವಳೇ ಪಕ್ಕೆಲುಬಿಗೆ ಬೆರಳಿಟ್ಟು, "ತಳ್ಳಿ ಅತ್ತಿಗೆ, ತಳ್ಳಿ, ಹೆರಿಗೆ ನೋವಿನ ಹಾಗೆ ತಳ್ಳಿ," ಅಂದಳು. ಅವಳಿಗೂ ಸಿಕ್ಕಿತು. ನನಗೆ ಕಚಗುಳಿಯಾಗಿ ನಗು ಬಂದು ಮೂರು ಸಲ ಕೆಟ್ಟುಹೋಯಿತು.

ಇವರು ಬಾಗಿಲಲ್ಲೇ ನಿಂತಿದ್ದರು. "ಬನ್ನಿ, ನೀವೂ ನೋಡಿ," ಅಂದೆ. ಬರಲಿಲ್ಲ. ಮಗಳು ಕೈ ಹಿಡಿದು ಎಳೆದು ತಂದು ಕೂರಿಸಿದಳು. ಬೆರಳಿಟ್ಟರು. ಐಸಿನಂಥ ಬೆರಳು.

"ಯಾಕ್ರೀ ಇಷ್ಟು ತಣ್ಣಗಿದೆ?"

"ಮಾರ್ಚಲ್ಲಿ ನಿನ್ನ ನೋವು ನೋಡಿ ಹೆದರಿದಾಗಿಂದ ಹೀಗೇ ಇದೆ," ಅಂದರು. "ನೀನು ನೋಡಿಲ್ಲ."

ನಾನು ತಳ್ಳಿದೆ.